ಹಳೆಯ ಲಾರಿಯ ಮೀಟರುಗಳು: ದೋಷ ಪತ್ತೆ ಮತ್ತು ದುರಸ್ತಿ

ಮಾಗಡಿ, ತಾವರೆಕೆರೆ ಕಡೆಯಿಂದ ಸುಮನಹಳ್ಳಿ ಮಾರ್ಗವಾಗಿ, ಇಲ್ಲವೆ ಬಿಡದಿ, ಕೆಂಗೇರಿ ಮೂಲಕ ಮೈಸೂರು ರಸ್ತೆ ಹಿಡಿದು ಬೆಂಗಳೂರಿಗೆ ತರಕಾರಿ ಸಾಗಿಸುವ ರೈತರಲ್ಲಿ ಹಳೆಯ ಟಾಟಾ 407 ಅಥವಾ ಅದಕ್ಕಿಂತ ದೊಡ್ಡ ಲಾರಿಗಳನ್ನು ಇಟ್ಟುಕೊಂಡಿರುವವರುಂಟು. ಇಂತಹ ವಾಹನಗಳಲ್ಲಿ ಎಂಜಿನ್ ಗಟ್ಟಿಯಾಗಿದ್ದರೂ ಮುಂದಿನ ಮೀಟರುಗಳು ಕೆಟ್ಟಿರುವುದು ಸಾಮಾನ್ಯ. "ಮೀಟರ್ ಇಲ್ಲದಿದ್ದರೇನು, ಗಾಡಿ ಓಡುತ್ತದಲ್ಲ" ಎಂಬ ಧೋರಣೆ ಸರಿಯಲ್ಲ. ನಾಯಂಡಹಳ್ಳಿಯ ವಾಹನ ಸಂದಣಿಯಲ್ಲಿ ತುಂಬಿದ ಲಾರಿ ಮೊದಲ ಗೇರಿನಲ್ಲೇ ತೆವಳುವಾಗ ರೇಡಿಯೇಟರಿಗೆ ಗಾಳಿ ಸಾಲದು. ಎಂಜಿನ್ ಕಾದದ್ದು ತಿಳಿಯದೆ ಹೆಡ್ ಗ್ಯಾಸ್ಕೆಟ್ ಸುಟ್ಟರೆ ಅಂದಿನ ಟೊಮ್ಯಾಟೊ ಕೊಳೆಯುವುದಲ್ಲದೆ, ರಿಪೇರಿಗೆ ಬೆಳೆಯ ಲಾಭವೇ ಕರಗಬಹುದು.

ಮೊದಲು ಗಮನಿಸಬೇಕಾದದ್ದು

ಒಂದೇ ಮೀಟರ್ ಕೆಟ್ಟಿದೆಯೇ, ಅಥವಾ ಎಲ್ಲವೂ ಒಟ್ಟಿಗೆ ನಿಂತಿವೆಯೇ ಎಂಬುದನ್ನು ನೋಡಿರಿ. ಎಲ್ಲವೂ ನಿಂತಿದ್ದರೆ ಒಂದೊಂದನ್ನೇ ಬಿಚ್ಚುವುದು ವ್ಯರ್ಥ. ದೋಷವಿರುವುದು ಫ್ಯೂಸಿನಲ್ಲಿ, ಕೀಯಿಂದ ಬರುವ ತಂತಿಯಲ್ಲಿ ಅಥವಾ ಪ್ಯಾನೆಲಿನ ಅರ್ತಿನಲ್ಲಿ. ಕೀ ಹಾಕಿದಾಗ ಮುಳ್ಳು ನಿಧಾನವಾಗಿ ಏರುವ ಹಳೆಯ ಮಾದರಿಯ ಮೀಟರುಗಳಿಗೆ ಕೆಲವು 12 ವೋಲ್ಟಿನ ವಾಹನಗಳಲ್ಲಿ ಸುಮಾರು 10 ವೋಲ್ಟನ್ನಷ್ಟೇ ಕೊಡುವ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟರೆ, ಅಥವಾ ಅದರ ಅರ್ತ್ ಸಡಿಲವಾದರೆ, ಡೀಸೆಲ್ ಮತ್ತು ಶಾಖದ ಮೀಟರುಗಳೆರಡೂ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತವೆ. ಎರಡೂ ಒಟ್ಟಿಗೆ ಏರಿದ್ದರೆ ಅನುಮಾನ ಇದರ ಮೇಲೆಯೇ ಇರಲಿ.

ಪ್ಯಾನೆಲಿನ ಹಿಂದೆ ಕೈಹಾಕುವ ಮುನ್ನ ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಬೇಕು. ಆಂಪ್ ಮೀಟರ್ ಇರುವ ಲಾರಿಗಳಲ್ಲಿ ಅದರ ಬೋಲ್ಟುಗಳ ಮೂಲಕ ಭಾರೀ ಕರೆಂಟು ಹಾಯುತ್ತದೆ. ಸ್ಪ್ಯಾನರ್ ತಗುಲಿದರೆ ತಂತಿಗೇ ಬೆಂಕಿ ಹತ್ತಬಹುದು.

ಶಾಖದ ಮೀಟರ್

ಎರಡು ಬಗೆಗಳಿವೆ. ಎಂಜಿನ್ನಿನಿಂದ ಪ್ಯಾನೆಲಿಗೆ ತಂತಿಯ ಬದಲು ಸಣ್ಣ ತಾಮ್ರದ ನಳಿಕೆ ಬಂದಿದ್ದರೆ ಅದು ಕರೆಂಟಿನದಲ್ಲ. ನಳಿಕೆ ಮುರಿದರೆ ಇಡೀ ಮೀಟರನ್ನೇ ಬದಲಿಸಬೇಕಾಗುತ್ತದೆ. ತಂತಿ ಬಂದಿದ್ದರೆ ಪರೀಕ್ಷೆ ಸುಲಭ. ಕೀ ಹಾಕಿ, ಎಂಜಿನ್ ಮೇಲಿರುವ ಸೆನ್ಸರಿನ ತಂತಿ ಕಳಚಿರಿ. ಮುಳ್ಳು ತಣ್ಣನೆಯ ಕಡೆಗೆ ಬರಬೇಕು. ಆ ತಂತಿಯನ್ನು ಸಣ್ಣ ಬಲ್ಬಿನ ಮೂಲಕ ಎಂಜಿನ್ ಬ್ಲಾಕಿಗೆ ಮುಟ್ಟಿಸಿದರೆ ಬಿಸಿಯ ಕಡೆಗೆ ಏರಬೇಕು. ಏರಿದೊಡನೆ ತೆಗೆಯಿರಿ. ಹೀಗೆ ಆಡಿದರೆ ಮೀಟರೂ ತಂತಿಯೂ ಸರಿಯಿವೆ, ದೋಷ ಸೆನ್ಸರಿನದು ಅಥವಾ ಅದರ ಅರ್ತಿನದು. ಸೋರಬಾರದೆಂದು ಸೆನ್ಸರಿನ ಮರೆಗೆ ಬಿಳಿ ಟೇಪನ್ನು ದಪ್ಪವಾಗಿ ಸುತ್ತಿದ್ದರೆ ಅರ್ತ್ ತಪ್ಪಿ ಹೊಸ ಸೆನ್ಸರೂ ಕೆಲಸ ಮಾಡದು.

ಕಳಚಿದ ಸೆನ್ಸರನ್ನು ಮಲ್ಟಿಮೀಟರಿಗೆ ಜೋಡಿಸಿ, ಅದರ ತುದಿಯನ್ನು ನೀರಿನಲ್ಲಿ ಮುಳುಗಿಸಿ ಒಲೆಯ ಮೇಲೆ ಕಾಯಿಸಿರಿ. ನೀರು ಬಿಸಿಯಾದಂತೆ ಓಮ್ ಏಕರೀತಿಯಲ್ಲಿ ಇಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ದೂರಬೇಡಿರಿ. ರೇಡಿಯೇಟರಿನಲ್ಲಿ ಒತ್ತಡ ಹಿಡಿಯುವ ಮುಚ್ಚಳ ಏಕೆ ಬೇಕೆಂಬುದೂ ಇದರಿಂದ ತಿಳಿಯುತ್ತದೆ: ಒತ್ತಡವಿದ್ದಷ್ಟೂ ನೀರು ತಡವಾಗಿ ಕುದಿಯುತ್ತದೆ.

ಒಂದು ಮಾತನ್ನು ಚಾಲಕರು ಮರೆಯಬಾರದು. ಏರುವ ಮುಳ್ಳಿಗಿಂತ, ಏರುತ್ತಿದ್ದು ತಟ್ಟನೆ ಇಳಿದ ಮುಳ್ಳು ಹೆಚ್ಚು ಅಪಾಯದ ಸೂಚನೆ. ನೀರು ಸೋರಿಹೋಗಿ ಸೆನ್ಸರ್ ಬರಿದಾದ ಜಾಗದಲ್ಲಿ ನಿಂತಾಗ ಮೀಟರ್ ತಣ್ಣಗಿದೆ ಎನ್ನುತ್ತದೆ, ಎಂಜಿನ್ ಬೇಯುತ್ತಿರುತ್ತದೆ. ಗಾಡಿ ನಿಲ್ಲಿಸಿ ಎಂಜಿನ್ ಆರಿಸಿರಿ. ಪೂರ್ತಿ ಆರುವವರೆಗೆ ಮುಚ್ಚಳ ತೆರೆಯಕೂಡದು, ತಣ್ಣೀರು ಸುರಿಯಕೂಡದು. ಸದಾಕಾಲ ಕಡಿಮೆ ತೋರಿಸುವ ಮೀಟರ್ ಮಾತ್ರ ಸತ್ಯವನ್ನೇ ಹೇಳುತ್ತಿರಬಹುದು. ಯಾರೋ ಥರ್ಮೋಸ್ಟಾಟ್ ವಾಲ್ವನ್ನು ತೆಗೆದೆಸೆದಿದ್ದರೆ ಎಂಜಿನ್ ತಕ್ಕಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ.

ಡೀಸೆಲ್ ಮತ್ತು ಆಯಿಲ್ ಮೀಟರುಗಳು

ಡೀಸೆಲ್ ಮೀಟರಿನ ದೋಷ ಬಹುಪಾಲು ಟ್ಯಾಂಕಿನಲ್ಲಿರುತ್ತದೆ: ತುಕ್ಕಿನಿಂದ ಅರ್ತ್ ಕೆಟ್ಟಿರುವುದು, ಫ್ಲೋಟಿನೊಳಗೆ ಡೀಸೆಲ್ ತುಂಬಿ ಮುಳುಗಿರುವುದು, ಅಥವಾ ಸುರುಳಿ ತಂತಿ ಸವೆದು ಮುಳ್ಳು ಅರ್ಧದ ಬಳಿ ನೆಗೆಯುವುದು. ಟ್ಯಾಂಕಿನ ಮೇಲಿನ ಯೂನಿಟ್ಟಿನಿಂದ ಚಾಸಿಗೆ ಒಂದು ಅರ್ತ್ ತಂತಿ ಎಳೆದರೆ ಅನೇಕ ವೇಳೆ ಅಷ್ಟೇ ಸಾಕು. ಟ್ಯಾಂಕಿನ ಬಳಿ ಕಿಡಿ ಹಾರಿಸುವ ಯಾವ ಪರೀಕ್ಷೆಯೂ ಬೇಡ. ತಂತಿಯ ಪರೀಕ್ಷೆಯನ್ನು ಪ್ಯಾನೆಲಿನ ಕಡೆಯಲ್ಲೇ ಮಾಡಿರಿ. ಅಲ್ಲಿಯವರೆಗೆ ಗುರುತು ಹಾಕಿದ ಶುಭ್ರವಾದ ಕೋಲಿನಿಂದ ಅಳೆಯುವುದು ತಪ್ಪೇನಲ್ಲ.

ಆಯಿಲ್ ಒತ್ತಡದ ಮುಳ್ಳು ಸೊನ್ನೆಗೆ ಬಿದ್ದರೆ ಮೀಟರನ್ನು ಅನುಮಾನಿಸುವುದು ಕೊನೆಯ ಕೆಲಸ. ಮೊದಲು ಎಂಜಿನ್ ನಿಲ್ಲಿಸಿ, ಕಡ್ಡಿ ಎಳೆದು ಆಯಿಲ್ ನೋಡಿರಿ. ಆಯಿಲ್ ಸರಿಯಿದ್ದರೂ, ಮೆಕ್ಯಾನಿಕ್ ಬೇರೊಂದು ಮೀಟರ್ ಹಚ್ಚಿ ಒತ್ತಡವಿದೆಯೆಂದು ಖಚಿತಪಡಿಸುವವರೆಗೆ ಎಂಜಿನ್ ಓಡಿಸಬಾರದು. ಏರ್ ಬ್ರೇಕಿನ ಮೀಟರಿಗೂ ಇದೇ ನಿಯಮ.

ಬಿಡಿಭಾಗ ಕೊಳ್ಳುವಾಗ ಹಳೆಯ ಸೆನ್ಸರನ್ನು ಅಂಗಡಿಗೆ ಒಯ್ಯಿರಿ. ವಾಹನ 12 ವೋಲ್ಟಿನದೋ 24 ವೋಲ್ಟಿನದೋ ಹೇಳಿರಿ. ಮರೆ ಸರಿಹೊಂದಿದ ಮಾತ್ರಕ್ಕೆ ಸೆನ್ಸರ್ ಮೀಟರಿಗೆ ಹೊಂದುವುದಿಲ್ಲ. ಓಮ್ ಬೇರೆಯಾಗಿದ್ದರೆ ಹೊಸ ಸೆನ್ಸರೂ ಮೊದಲ ದಿನದಿಂದಲೇ ತಪ್ಪು ತೋರಿಸುತ್ತದೆ.