ಆಡಳಿತದ ಕುರ್ಚಿಯಿಂದ ಆಟದ ಅಂಗಣಕ್ಕೆ

ಆಟದ ಪೀರಿಯಡ್ಡಿನ ಗಂಟೆ ಹೊಡೆದೊಡನೆ ತರಗತಿಗೆ ತರಗತಿಯೇ ಮೈದಾನಕ್ಕೆ ಓಡುತ್ತದೆ. ಆದರೆ ಯಾವ ಶಾಲೆಯಲ್ಲಾದರೂ ನೋಡಿ, ಒಬ್ಬಿಬ್ಬರು ಮಕ್ಕಳು ಓಡುವುದಿಲ್ಲ. ಒಬ್ಬನ ಕಾಲು ಸೊಟ್ಟಗಿರುತ್ತದೆ, ಇನ್ನೊಬ್ಬಳ ಕೈಯಲ್ಲಿ ಬಲವಿರುವುದಿಲ್ಲ. ಅವರನ್ನು ಮರದ ನೆರಳಲ್ಲಿ ಕೂರಿಸಿ, ಉಳಿದವರ ಚಪ್ಪಲಿ, ಚೀಲಗಳನ್ನು ಕಾಯಲು ಹೇಳುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹಾಗೆ ಹೇಳುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ. ಮಗುವಿಗೆ ಪೆಟ್ಟಾದೀತೆಂಬ ಭಯವೇ ಇರುತ್ತದೆ. ಆದರೂ ಈ ರೂಢಿ ಸರಿಯೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ಕನ್ನಡಿಗ ಆಟಗಾರನ ಜೀವನವನ್ನು ಈ ಪಾಠದಲ್ಲಿ ತಿಳಿಯೋಣ. ಅವರೇ ಶ್ರೀ ಸುಹಾಸ್ ಯತಿರಾಜ್.

ಹುಟ್ಟು ಮತ್ತು ವಿದ್ಯಾಭ್ಯಾಸ

ಸುಹಾಸ್ ಅವರು 1983ನೆಯ ಇಸವಿ ಜುಲೈ 2ರಂದು ಕರ್ನಾಟಕದ ಹಾಸನದಲ್ಲಿ ಜನಿಸಿದರು. ಹುಟ್ಟಿನಿಂದಲೇ ಅವರ ಒಂದು ಕಾಲಿನ ಹರಡಿನಲ್ಲಿ ಊನವಿತ್ತು. ತಂದೆಯವರು ಸರಕಾರಿ ನೌಕರಿಯಲ್ಲಿದ್ದುದರಿಂದ ಊರಿಂದೂರಿಗೆ ವರ್ಗವಾಗುತ್ತಿತ್ತು. ಹೀಗಾಗಿ ಬಾಲಕನ ಓದು ಕರ್ನಾಟಕದ ಬೇರೆ ಬೇರೆ ಊರುಗಳಲ್ಲಿ ನಡೆಯಿತು. ಊರು ಬದಲಾದಂತೆ ಶಾಲೆ ಹೊಸದು, ಗೆಳೆಯರು ಹೊಸಬರು. ಕುಂಟುವ ಹುಡುಗನಿಗೆ ಪ್ರತಿ ಹೊಸ ಶಾಲೆಯ ಮೊದಲ ದಿನ ಹೇಗಿರುತ್ತದೆ ಎಂಬುದನ್ನು ನಾವು ಊಹಿಸಿಕೊಳ್ಳಬಹುದು. ಆದರೆ ಮನೆಯಲ್ಲಿ ತಂದೆ ಅವರನ್ನು ಆಟದಿಂದ ತಡೆಯಲಿಲ್ಲ. ತಮ್ಮ ಇಂದಿನ ಸ್ಥಿತಿಗೆ ತಂದೆಯ ಪ್ರೋತ್ಸಾಹವೇ ಕಾರಣವೆಂದು ಸುಹಾಸ್ ಅವರು ಹಲವು ಸಲ ಹೇಳಿದ್ದಾರೆ. ಪೋಷಕರು ಈ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು.

ಮುಂದೆ ಅವರು ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯನ್ನು ಸೇರಿ, 2004ರಲ್ಲಿ ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು. ಬೆಂಗಳೂರಿನಲ್ಲಿ ಕೆಲಸವೂ ದೊರೆಯಿತು. 2005ರಲ್ಲಿ ತಂದೆಯವರು ತೀರಿಕೊಂಡರು. ಆ ದುಃಖದ ನಡುವೆಯೇ ಅವರು ಭಾರತೀಯ ಆಡಳಿತ ಸೇವೆಯ ಪರೀಕ್ಷೆಗೆ ಓದಿ ತೇರ್ಗಡೆಯಾದರು. 2007ರ ತಂಡದ ಅಧಿಕಾರಿಯಾಗಿ ಉತ್ತರ ಪ್ರದೇಶ ರಾಜ್ಯಕ್ಕೆ ನೇಮಕಗೊಂಡರು. ಹಾಸನದ ಹುಡುಗ ಗಂಗಾ ಯಮುನೆಯರ ಬಯಲಿಗೆ ಹೋಗಿ, ಅಲ್ಲಿನ ಹಲವು ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯಾದರು. ನಮ್ಮ ಕಡೆ ಕಲೆಕ್ಟರ್ ಎನ್ನುತ್ತೇವಲ್ಲ, ಅದೇ ಹುದ್ದೆ.

ಲಾಳಿಯಂತೆ ಓಡಾಡುವ ಆಟ

ಇಲ್ಲಿ ಆಟದ ಬಗೆಗೆ ಎರಡು ಮಾತು ತಿಳಿದುಕೊಳ್ಳುವುದು ಒಳ್ಳೆಯದು. ಭವಾನಿ ನದಿಯ ದಡದ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಕನ್ನಡ ಮನೆಮಾತಿನ ಮನೆಗಳುಂಟು. ಆ ಮನೆಗಳ ಮಕ್ಕಳಿಗೆ ಲಾಳಿ ಏನೆಂದು ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಷಟಲ್ ಎಂದರೆ ಮಗ್ಗದ ಲಾಳಿಯೇ. ಬ್ಯಾಡ್ಮಿಂಟನ್ನಿನ ಗರಿಯ ಚೆಂಡು ಬಲೆಯ ಆಚೆಗೂ ಈಚೆಗೂ ಲಾಳಿಯ ಹಾಗೆ ಓಡಾಡುವುದರಿಂದ ಅದಕ್ಕೆ ಷಟಲ್‌ಕಾಕ್ ಎಂಬ ಹೆಸರು ಬಂದಿತು. ಅದರಲ್ಲಿ 16 ಗರಿಗಳಿರುತ್ತವೆ. ತೂಕ 5 ಗ್ರಾಂ ಆಸುಪಾಸು. ಅಂಗಣದ ಉದ್ದ 13.40 ಮೀಟರ್, ಒಬ್ಬರಿಗೊಬ್ಬರು ಆಡುವಾಗ ಅಗಲ 5.18 ಮೀಟರ್. ಬಲೆ ನಡುವಿನಲ್ಲಿ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ.

ಕೈಯಲ್ಲಿ ರ‍್ಯಾಕೆಟ್ ಇರುವುದರಿಂದ ಇದು ಕೈಯ ಆಟವೆಂದು ತೋರುತ್ತದೆ. ನಿಜವಾಗಿ ಇದು ಕಾಲಿನ ಆಟ. ಗುಂಡಿ ಮಗ್ಗದಲ್ಲಿ ಕುಳಿತವರು ಲಾಳಿ ಹಾಯಿಸುವ ಮುಂಚೆ ಕಾಲಿನಿಂದ ಮೆಟ್ಟುಹಲಗೆ ತುಳಿದು ಹಾಸನ್ನು ಬಿಡಿಸಬೇಕು. ಕಾಲು ತಪ್ಪಿದರೆ ಕೈಯ ಜಾಣತನ ವ್ಯರ್ಥ. ಬ್ಯಾಡ್ಮಿಂಟನ್ನಿನಲ್ಲಿಯೂ ಅಷ್ಟೇ. ಎದುರಾಳಿ ಹೊಡೆದ ಕ್ಷಣದಲ್ಲಿ ಆಟಗಾರನು ಹರಡಿನ ಮೇಲೆ ಪುಟಿದು, ಒಂದು ಮೂಲೆಗೆ ನುಗ್ಗಿ, ಬಗ್ಗಿ ಹೊಡೆದು, ಅದೇ ಕಾಲನ್ನು ಒತ್ತಿ ನಡುವಿಗೆ ಹಿಂತಿರುಗಬೇಕು. ಹೀಗೆ ಒಂದು ಅಂಕಕ್ಕೆ ಎಷ್ಟೋ ಬಾರಿ. ಹರಡಿನಲ್ಲಿ ಊನವಿರುವವರಿಗೆ ಪ್ರತಿ ಹೆಜ್ಜೆಯೂ ಅರ್ಧ ಕ್ಷಣ ತಡ. ಆ ಅರ್ಧ ಕ್ಷಣವನ್ನು ಅವರು ಬೇರೆ ಕಡೆಯಿಂದ ಸಂಪಾದಿಸಬೇಕು: ಎದುರಾಳಿಯ ಭುಜ, ಮಣಿಕಟ್ಟುಗಳನ್ನು ನೋಡಿ ಚೆಂಡು ಎಲ್ಲಿ ಬೀಳುವುದೆಂದು ಮೊದಲೇ ಅರಿಯಬೇಕು, ತಾವು ಹೊಡೆದ ಚೆಂಡು ಎದುರಾಳಿಗೆ ಸುಲಭವಾಗದಂತೆ ನೋಡಿಕೊಳ್ಳಬೇಕು. ಕಾಲಿನ ಕೊರತೆಯನ್ನು ಕಣ್ಣು ಮತ್ತು ಬುದ್ಧಿ ತುಂಬಿಕೊಡಬೇಕು.

ಸಮಾನರ ನಡುವೆ ಸ್ಪರ್ಧೆ

ಅಂಗವಿಕಲರ ಬ್ಯಾಡ್ಮಿಂಟನ್ನಿಗೆ ಪ್ಯಾರಾ ಬ್ಯಾಡ್ಮಿಂಟನ್ ಎಂದು ಹೆಸರು. ಊನದ ಬಗೆಯನ್ನು ನೋಡಿ ಆಟಗಾರರನ್ನು ಆರು ವರ್ಗ ಮಾಡಿದ್ದಾರೆ. ಗಾಲಿಕುರ್ಚಿಯಲ್ಲಿ ಕುಳಿತು ಆಡುವವರಿಗೆ ಡಬ್ಲ್ಯೂ.ಎಚ್. 1 ಮತ್ತು 2. ನಿಂತು ಆಡುವವರಲ್ಲಿ ಕಾಲಿನ ಊನ ಹೆಚ್ಚಿರುವವರಿಗೆ ಎಸ್.ಎಲ್. 3, ಕಡಿಮೆ ಇರುವವರಿಗೆ ಎಸ್.ಎಲ್. 4. ಕೈಯ ಊನವಿರುವವರಿಗೆ ಎಸ್.ಯು. 5. ಕುಬ್ಜ ದೇಹದವರಿಗೆ ಎಸ್.ಎಚ್. 6. ಗಾಲಿಕುರ್ಚಿಯವರೂ ಎಸ್.ಎಲ್. 3 ವರ್ಗದವರೂ ಒಬ್ಬರಿಗೊಬ್ಬರು ಆಡುವಾಗ ಅಂಗಣದ ಅರ್ಧ ಅಗಲವನ್ನು ಮಾತ್ರ ಬಳಸುತ್ತಾರೆ. ಸುಹಾಸ್ ಅವರದು ಎಸ್.ಎಲ್. 4. ಅವರಿಗೆ ಪೂರ್ತಿ ಅಂಗಣವೇ. ಯಾವ ರಿಯಾಯಿತಿಯೂ ಇಲ್ಲ.

ಹೀಗೆ ವರ್ಗ ಮಾಡುವುದು ಕರುಣೆಯಿಂದಲ್ಲ, ನ್ಯಾಯಕ್ಕಾಗಿ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುವುದಿಲ್ಲವೇ? ಇದೂ ಹಾಗೆಯೇ. ಸಮಾನರು ಎದುರುಬದುರಾದಾಗ ಗೆಲ್ಲುವುದು ಅಭ್ಯಾಸ ಮತ್ತು ಧೈರ್ಯ.

ಹಗಲು ಕಚೇರಿ, ರಾತ್ರಿ ಅಭ್ಯಾಸ

ಸುಹಾಸ್ ಅವರು ಮೊದಲು ಬ್ಯಾಡ್ಮಿಂಟನ್ ಆಡುತ್ತಿದ್ದುದು ಮನಸ್ಸಿನ ಉಲ್ಲಾಸಕ್ಕಾಗಿ. ಉತ್ತರ ಪ್ರದೇಶದ ಆಜಂಗಢದಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಒಂದು ಪಂದ್ಯಾವಳಿಯ ಉದ್ಘಾಟನೆಗೆ ಹೋಗಿದ್ದರು. ಅತಿಥಿಯಾಗಿ ಹೋದವರು ತಾವೂ ಅಂಗಣಕ್ಕಿಳಿದು ಆಡಿದರು. ಅವರ ಆಟವನ್ನು ಕಂಡ ತರಬೇತುದಾರ ಶ್ರೀ ಗೌರವ್ ಖನ್ನಾ ಅವರು, ಅಂಗವಿಕಲರ ಅಂತರರಾಷ್ಟ್ರೀಯ ಸ್ಪರ್ಧೆಗೆ ನೀವೇಕೆ ಬರಬಾರದೆಂದು ಹುರಿದುಂಬಿಸಿದರು. ಖನ್ನಾ ಅವರಿಗೆ ಮುಂದೆ 2020ರ ದ್ರೋಣಾಚಾರ್ಯ ಪ್ರಶಸ್ತಿ ದೊರೆಯಿತು.

ಮೂವತ್ತು ದಾಟಿದ ವಯಸ್ಸು, ತಲೆಯ ಮೇಲೆ ಇಡೀ ಜಿಲ್ಲೆಯ ಭಾರ. ಆದರೂ ಸುಹಾಸ್ ಅವರು ಹಗಲೆಲ್ಲ ಕಚೇರಿ ಮುಗಿಸಿ ರಾತ್ರಿ ಅಭ್ಯಾಸಕ್ಕೆ ಹೋಗತೊಡಗಿದರು. 2016ರ ನವೆಂಬರಿನಲ್ಲಿ ಚೀನದ ಬೀಜಿಂಗಿನಲ್ಲಿ ನಡೆದ ಏಷ್ಯನ್ ಪ್ಯಾರಾ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ಪಿನಲ್ಲಿ ಚಿನ್ನದ ಪದಕ ಗೆದ್ದು ಎಲ್ಲರೂ ಬೆರಗಾಗುವಂತೆ ಮಾಡಿದರು.

2020ರ ಮಾರ್ಚ್ ಕೊನೆಯಲ್ಲಿ ಅವರನ್ನು ದೆಹಲಿಯ ಪಕ್ಕದ ಗೌತಮ ಬುದ್ಧ ನಗರ ಜಿಲ್ಲೆಗೆ ಜಿಲ್ಲಾಧಿಕಾರಿಯನ್ನಾಗಿ ಕಳುಹಿಸಲಾಯಿತು. ನೋಯ್ಡಾ ನಗರವಿರುವ ಜಿಲ್ಲೆ ಅದು. ಕೊರೋನಾ ಪಿಡುಗು ಹರಡುತ್ತಿದ್ದ, ದೇಶವೆಲ್ಲ ಬಾಗಿಲು ಹಾಕಿ ಕುಳಿತಿದ್ದ ಕಾಲ. ಆಸ್ಪತ್ರೆ, ಔಷಧಿ, ದಿನಗೂಲಿಯವರ ಊಟ ಎಲ್ಲಕ್ಕೂ ಜಿಲ್ಲಾಧಿಕಾರಿಯೇ ಉತ್ತರ ಹೇಳಬೇಕು. ಆ ಹೊಣೆಯ ನಡುವೆಯೇ ಅವರು ಟೋಕಿಯೋಗೆ ಸಿದ್ಧರಾದರು.

ಟೋಕಿಯೋ ಮತ್ತು ಪ್ಯಾರಿಸ್

ಅಂಗವಿಕಲರ ಒಲಿಂಪಿಕ್ಸಿಗೆ ಪ್ಯಾರಾಲಿಂಪಿಕ್ಸ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ವೈದ್ಯ ಲುಡ್ವಿಗ್ ಗುಟ್ಮನ್ ಅವರು 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಏರ್ಪಡಿಸಿದ ಪಂದ್ಯಗಳೇ ಇದರ ಬೀಜ. 1960ರಲ್ಲಿ ರೋಮ್ ನಗರದಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. ಬ್ಯಾಡ್ಮಿಂಟನ್ನಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು ಟೋಕಿಯೋದಲ್ಲಿ. 2020ರದಾದ ಆ ಕೂಟ ಪಿಡುಗಿನ ಕಾರಣ 2021ರಲ್ಲಿ ನಡೆಯಿತು.

2021ರ ಸೆಪ್ಟೆಂಬರ್ 5ರಂದು ಫೈನಲ್. ಎದುರಾಳಿ ಫ್ರಾನ್ಸಿನ ಲುಕಾಸ್ ಮಜೂರ್. ವಯಸ್ಸಿನಲ್ಲಿ ಬಹಳ ಕಿರಿಯ. ಮೊದಲ ಗೇಮನ್ನು ಸುಹಾಸ್ 21-15ರಿಂದ ಗೆದ್ದರು. ಎರಡನೆಯದು 17-21, ಮೂರನೆಯದು 15-21. ಚಿನ್ನ ಕೈ ತಪ್ಪಿತು, ಬೆಳ್ಳಿ ದೊರೆಯಿತು. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಐ.ಎ.ಎಸ್. ಅಧಿಕಾರಿ ಎಂಬ ಕೀರ್ತಿ ಅವರದಾಯಿತು. ಅದೇ ವರ್ಷ ಅರ್ಜುನ ಪ್ರಶಸ್ತಿಯೂ ಸಂದಿತು.

ಆಗ ಅವರಿಗೆ 38 ವರ್ಷ. ಸಾಕೆಂದು ರ‍್ಯಾಕೆಟ್ ಕೆಳಗಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. 2023ರ ಅಕ್ಟೋಬರಿನಲ್ಲಿ ಚೀನದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಫೈನಲಿನಲ್ಲಿ ಮೊದಲ ಗೇಮನ್ನು 13-21ರಿಂದ ಸೋತು, ಮುಂದಿನ ಎರಡನ್ನು 21-18, 21-9ರಿಂದ ಗೆದ್ದು ಚಿನ್ನ ತಂದರು. 2024ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ತಮ್ಮ ವರ್ಗದಲ್ಲಿ ಜಗತ್ತಿನ ಮೊದಲ ಸ್ಥಾನವನ್ನೂ ಮುಟ್ಟಿದರು. 2024ರ ಸೆಪ್ಟೆಂಬರ್ 2ರಂದು ಪ್ಯಾರಿಸ್ಸಿನ ಫೈನಲಿನಲ್ಲಿ ಮತ್ತೆ ಎದುರಾದವನು ಅದೇ ಮಜೂರ್. ಈ ಸಲ 9-21, 13-21. ಮತ್ತೆ ಬೆಳ್ಳಿ.

ಸೋತ ಅಂಕಗಳನ್ನು ನಾವು ಇಲ್ಲಿ ಮುಚ್ಚಿಡದೆ ಬರೆದಿದ್ದೇವೆ. ದೊಡ್ಡವರ ಕಥೆಯನ್ನು ಹೇಳುವಾಗ ಗೆಲುವನ್ನು ಮಾತ್ರ ಹೇಳಿ ಮಕ್ಕಳನ್ನು ಹುರಿದುಂಬಿಸುವುದು ವಾಡಿಕೆ. ಆದರೆ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದ ವಿದ್ಯಾರ್ಥಿಗೆ ಬೇಕಾಗಿರುವುದು, ಅದೇ ಎದುರಾಳಿಯ ಕೈಯಲ್ಲಿ ಒಮ್ಮೆ ಸೋತು, ಮೂರು ವರ್ಷ ಬೆವರು ಸುರಿಸಿ, ಮತ್ತೆ ಅವನೆದುರು ಹೋಗಿ ನಿಂತವರ ಕಥೆ.

ಇವರೊಬ್ಬರೇ ಅಲ್ಲ

ಹಾಸನ ಜಿಲ್ಲೆಯವರೇ ಆದ ಗಿರೀಶ ಎನ್. ಗೌಡ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದಿದ್ದರು. ಬೆಂಗಳೂರಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ನೂರಾರು ಪದಕ ಗೆದ್ದು, 2001ರಲ್ಲಿ ಪದ್ಮಶ್ರೀ ಪಡೆದವರು.

ನಮ್ಮ ತಮಿಳುನಾಡಿನ ಹೆಣ್ಣುಮಕ್ಕಳನ್ನು ಮರೆಯುವಂತಿಲ್ಲ. ಪ್ಯಾರಿಸ್ಸಿನ ಬ್ಯಾಡ್ಮಿಂಟನ್ನಿನಲ್ಲಿ ಭಾರತಕ್ಕೆ ಬಂದ ಐದು ಪದಕಗಳಲ್ಲಿ ಮೂರನ್ನು ತಂದವರು ಅವರೇ. ರೇಷ್ಮೆ ಸೀರೆಗೆ ಹೆಸರಾದ ಕಾಂಚೀಪುರದ ತುಳಸಿಮತಿ ಮುರುಗೇಶನ್ ಬೆಳ್ಳಿ, ತಿರುವಳ್ಳೂರು ಜಿಲ್ಲೆಯ ಮನೀಷಾ ರಾಮದಾಸ್ ಕಂಚು, ಕನ್ನಡ ಮಾತು ಕೇಳಿಬರುವ ಗಡಿ ಊರು ಹೊಸೂರಿನ ನಿತ್ಯಶ್ರೀ ಶಿವನ್ ಕಂಚು. ಮೊದಲಿನ ಇಬ್ಬರಿಗೆ ಒಂದು ಕೈಯ ಊನ. ನಿತ್ಯಶ್ರೀ ಎತ್ತರದಲ್ಲಿ ಬಹಳ ಗಿಡ್ಡ. ಟೋಕಿಯೋದಲ್ಲಿ ಭಾರತದ ಒಟ್ಟು ಪದಕ 19, ಪ್ಯಾರಿಸ್ಸಿನಲ್ಲಿ 29. ಮರದ ನೆರಳಿನಿಂದ ಎದ್ದು ಬಂದ ಮಕ್ಕಳು ಗೆದ್ದ ಪದಕಗಳಿವು.

ಪೋಷಕರಲ್ಲಿ ಒಂದು ಮಾತು

ಊನವಿರುವ ಮಗು ಹುಟ್ಟಿದರೆ ಹಿಂದಿನ ಜನ್ಮದ ಪಾಪವೆಂದು ಕೊರಗುವವರು, ನೆಂಟರು ಬಂದಾಗ ಮಗುವನ್ನು ಒಳಮನೆಗೆ ಕಳುಹಿಸುವವರು ಇನ್ನೂ ಇದ್ದಾರೆ. ಅಂಥ ತಂದೆತಾಯಿಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರಿಗೆ ತಿಳಿಯಬೇಕಾದ ಸಂಗತಿಗಳು ಕೆಲವುಂಟು. ನಮ್ಮ ದೇಶದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಊನಗಳನ್ನು ಗುರುತಿಸಿದೆ. ಊನದ ಪ್ರಮಾಣ ಶೇಕಡಾ 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕು ಮಗುವಿಗಿದೆ. ಸರಕಾರಿ ಮತ್ತು ಸರಕಾರದ ನೆರವು ಪಡೆಯುವ ಕಾಲೇಜುಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು, ಸರಕಾರಿ ಕೆಲಸಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಇಂಥವರಿಗಾಗಿ ಮೀಸಲಿಡಬೇಕೆಂದು ಕಾಯಿದೆ ಹೇಳುತ್ತದೆ. ಇದಕ್ಕೆ ಮೊದಲ ಮೆಟ್ಟಿಲು ಸರಕಾರಿ ವೈದ್ಯರ ಪ್ರಮಾಣಪತ್ರ. ಎಷ್ಟೋ ಮನೆಗಳಲ್ಲಿ ನಾಚಿಕೆಯಿಂದ ಅದನ್ನೇ ಮಾಡಿಸಿರುವುದಿಲ್ಲ. ಹಕ್ಕನ್ನು ಕೇಳಲು ನಾಚಿಕೆ ಏಕೆ?

ಕಾಯಿದೆಗಿಂತ ಮೊದಲು ಬೇಕಾದುದು ಮನೆಯ ಧೈರ್ಯ. ಕಾಲು ಸೊಟ್ಟಗಿರುವ ಮಗ ಬಿದ್ದಾನೆಂದು ಆಟಕ್ಕೆ ಬಿಡದಿದ್ದರೆ ಅವನು ಬೀಳುವುದಿಲ್ಲ, ನಿಜ, ಏಳುವುದನ್ನೂ ಕಲಿಯುವುದಿಲ್ಲ. ವೈದ್ಯರನ್ನು ಕೇಳಿ, ಯಾವ ಆಟ ಆದೀತೆಂದು ತಿಳಿದು, ಅಂಗಳಕ್ಕೆ ಬಿಡಿ.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಕೆಲಸವೂ ಇದೆ. ಜೊತೆಯವನನ್ನು ಕುಂಟ ಎಂದು ಕರೆಯಬೇಡಿ, ಅವನಿಗೊಂದು ಹೆಸರಿದೆ. ಆಟಕ್ಕೆ ಸೇರಿಸಿಕೊಳ್ಳಿ. ಅಂಗಣವನ್ನು ಅರ್ಧ ಮಾಡಿ ಆಡಬಹುದೆಂದು ಈಗ ನಿಮಗೆ ಗೊತ್ತಾಗಿದೆ. ಸುಣ್ಣದ ಒಂದು ಗೆರೆ ಎಳೆದರೆ ಸಾಕು. ಬೇಕೆಂದೇ ಸೋತು ಅವನನ್ನು ಗೆಲ್ಲಿಸಬೇಡಿ, ಅದು ಅವಮಾನ. ಸರಿಯಾಗಿ ಆಡಿ, ಅವನು ಗೆದ್ದರೆ ಕೈಕುಲುಕಿ. ಚಪ್ಪಲಿಗಳನ್ನು ಯಾರೂ ಕಾಯಬೇಕಾಗಿಲ್ಲ, ಅವು ಎಲ್ಲಿಗೂ ಹೋಗುವುದಿಲ್ಲ.

ಯೋಚಿಸಿ ಉತ್ತರಿಸಿರಿ

1. ಷಟಲ್‌ಕಾಕ್ ಎಂಬ ಹೆಸರಿಗೂ ಮಗ್ಗಕ್ಕೂ ಇರುವ ಸಂಬಂಧವೇನು?
2. ಪ್ಯಾರಾ ಬ್ಯಾಡ್ಮಿಂಟನ್ ಆಟಗಾರರನ್ನು ವರ್ಗ ಮಾಡುವುದು ಏಕೆ ನ್ಯಾಯ?
3. ಟೋಕಿಯೋ ಫೈನಲಿಗೂ ಪ್ಯಾರಿಸ್ ಫೈನಲಿಗೂ ನಡುವೆ ಸುಹಾಸ್ ಅವರು ಗೆದ್ದ ಎರಡು ಚಿನ್ನದ ಪದಕಗಳಾವುವು?
4. ನಿಮ್ಮ ಶಾಲೆಯ ಮೈದಾನದಲ್ಲಿ ಎಲ್ಲ ಮಕ್ಕಳೂ ಆಡುವಂತಾಗಲು ಏನೇನು ಬದಲಾಗಬೇಕು? ಮನೆಯಲ್ಲಿ ಹಿರಿಯರೊಡನೆ ಚರ್ಚಿಸಿ ಹತ್ತು ವಾಕ್ಯ ಬರೆಯಿರಿ.