ಒತ್ತಕ್ಷರ ಎಲ್ಲಿ ಹೋಯ್ತು?

ಮಕ್ಕಳೇ, ರಾಜ್ಯೋತ್ಸವಕ್ಕೆ ಅಂತ ಸೊಲಿಹಲ್‌ನ ನಮ್ಮ ಮನೆ ಗ್ಯಾರೇಜಿನಲ್ಲಿ ಒಂದು ಮರದ ಫಲಕ ಕೆತ್ತಿದೆವು. ಬರೆಯಬೇಕಿದ್ದದ್ದು ‘ಕನ್ನಡ ಹಬ್ಬ’. ಮೂಡಿದ್ದು ‘ಕನ್ನಡ ಹಬ’! ಕೊನೆಯ ಒತ್ತು ಮಾಯ. ಕಂಪ್ಯೂಟರಿನಲ್ಲಿ ಅಕ್ಷರ ಸರಿಯಾಗೇ ಇತ್ತು. ಹಾಗಾದರೆ ತಪ್ಪು ಎಲ್ಲಿ?

ಕೆತ್ತಿದ್ದು ಸಿಎನ್‌ಸಿ ರೂಟರ್. ಅಂದರೆ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡಿ ಮರ ಕೊರೆಯುವ ಯಂತ್ರ. ಅದಕ್ಕೆ ಕಣ್ಣಿಲ್ಲ. ‘0.7 ಮಿ.ಮೀ. ಆಳ’ ಅಂದರೆ, ನಾವು ಸೊನ್ನೆ ಎಂದು ತೋರಿಸಿದ ಜಾಗದಿಂದ ಅಷ್ಟೇ ಕೆಳಗೆ ಇಳಿಯುತ್ತದೆ. ಫಲಕದ ಮೂಲೆ ಅದಕ್ಕಿಂತ ತಗ್ಗಿನಲ್ಲಿದ್ದರೆ ಬಿಟ್ ಬರೀ ಗಾಳಿಯನ್ನು ಕೆತ್ತುತ್ತದೆ!

ಮೊದಲು ನಾನು ಯಂತ್ರದ ಹಾಸುಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಆದರೆ ರಸಮಟ್ಟ ಹೇಳುವುದು ಭೂಮಿಗೆ ಹಲಗೆ ಹೇಗಿದೆ ಅಂತ. ನಮಗೆ ಬೇಕಾದದ್ದು ಬೇರೆ: ಬಿಟ್‌ಗೂ ಹಲಗೆಗೂ ಎಲ್ಲ ಕಡೆ ಒಂದೇ ಅಂತರ.

ಅದನ್ನು ಅಳೆಯಲು ಕಾಗದ ಸಾಕು. ಪ್ರಿಂಟರಿನ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಯಂತ್ರದ ಮೋಟಾರ್ ಆಫ್ ಮಾಡಿ, ಹಲಗೆಯ ಅತಿ ಎತ್ತರದ ಜಾಗಕ್ಕೆ ಬಿಟ್ ತಾಗಿಸಿದೆವು. ಅದೇ ಎತ್ತರದಲ್ಲಿ ಒಂಬತ್ತು ಕಡೆ ಒಯ್ದು, ಕೆಳಗೆ ಎಷ್ಟು ಹಾಳೆ ಹಿಡಿಸುತ್ತದೆ ಎಂದು ಎಣಿಸಿದೆವು:

ಹಿಂದೆ: 4, 3, 5
ನಡುವೆ: 2, 0, 4
ಮುಂದೆ: 5, 4, 8

ನೋಡಿದಿರಾ? ನಡುವೆ ಉಬ್ಬು, ಮುಂದಿನ ಬಲಮೂಲೆಯಲ್ಲಿ 0.8 ಮಿ.ಮೀ. ತಗ್ಗು. ನಮ್ಮ ಒತ್ತು ಇದ್ದದ್ದು ಅಲ್ಲೇ! ಹಾಸುಹಲಗೆ ಎಂಡಿಎಫ್‌ನದು, ತೇವ ಹೀರಿದರೆ ಊದಿಕೊಳ್ಳುತ್ತದೆ.

ಹಲಗೆ ಒಂದು ಕಡೆಗೆ ವಾಲಿದ್ದರೆ ತಗ್ಗಿನ ಕಡೆ ರಟ್ಟು ಕೊಟ್ಟರೆ ಆಯಿತು. ಉಬ್ಬಿದ್ದರೆ ಹೆರೆಯಲೇಬೇಕು. ಸ್ಕ್ರೂಗಳು ಬಿಟ್‌ಗೆ ಸಿಗದಷ್ಟು ಆಳದಲ್ಲಿವೆಯೇ ಎಂದು ನೋಡಿಕೊಂಡು, ಹಲಗೆಯ ತುಂಬಾ ಪೆನ್ಸಿಲ್ ಗೆರೆ ಎಳೆದೆವು. ಅಗಲವಾದ ಬಿಟ್ ಹಾಕಿ, ಎತ್ತರದ ಜಾಗದಿಂದ ಶುರುಮಾಡಿ, ಪ್ರತಿ ಸಲ 0.3 ಮಿ.ಮೀ.ನಂತೆ ಮೂರು ಸಲ ಹೆರೆಸಿದೆವು. ಮೊದಲ ಸಲ ನಡುವಿನ ಗೆರೆ ಹೋದವು. ಮೂರನೆಯ ಸಲಕ್ಕೆ ಬಲಮೂಲೆಯ ಕೊನೆಯ ಗೆರೆಯೂ ಅಳಿಯಿತು. ಅಲ್ಲಿಗೆ ಹಲಗೆ ಸಮ! (ಈ ಕೆಲಸ ದೊಡ್ಡವರದ್ದು. ಕನ್ನಡಕ, ಮಾಸ್ಕ್ ಬೇಕೇ ಬೇಕು. ಎಂಡಿಎಫ್ ಧೂಳು ಒಳ್ಳೆಯದಲ್ಲ.)

ಸಮತಟ್ಟಿನ ಹುಚ್ಚು ನಮಗಷ್ಟೇ ಅಲ್ಲ. ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಇದರ ಬಗ್ಗೆಯೇ ಪ್ರಬಂಧ ಓದಿದ್ದರು. ಎರಡು ಲೋಹದ ಫಲಕ ಒಂದಕ್ಕೊಂದು ಸರಿಯಾಗಿ ಕೂತರೂ ಒಂದು ಉಬ್ಬು, ಇನ್ನೊಂದು ತಗ್ಗು ಇರಬಹುದು. ಮೂರು ಫಲಕಗಳನ್ನು ಅದಲುಬದಲು ಮಾಡಿ ಜೋಡಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಮನೆಯಲ್ಲಿ ಮಾಡಿ ನೋಡಿ: ನಿಮ್ಮ ಸ್ಕೇಲ್ ನೇರ ಇದೆಯಾ? ಎರಡು ಚುಕ್ಕಿ ಸೇರಿಸಿ ಗೆರೆ ಎಳೆಯಿರಿ. ಸ್ಕೇಲನ್ನು ಮಗುಚಿ, ಅದೇ ಅಂಚಿನಿಂದ ಅವೇ ಚುಕ್ಕಿಗಳನ್ನು ಮತ್ತೆ ಸೇರಿಸಿ. ಗೆರೆಗಳ ನಡುವೆ ಸಂದು ಕಂಡರೆ ಸ್ಕೇಲೇ ಸೊಟ್ಟ!

ಅಂದಹಾಗೆ, ಹಾಳಾದ ಫಲಕವನ್ನು ಎಸೆಯಲಿಲ್ಲ. ತಿರುಗಿಸಿ ಹಿಂಬದಿಯಲ್ಲಿ ಕೆತ್ತಿದೆವು. ಈ ಸಲ ‘ಹಬ್ಬ’ ಒತ್ತಿನ ಸಮೇತ ಬಂತು.