ಹಿಗ್ಗುವ ಬಟ್ಟೆಯ ಮೇಲೆ ಕನ್ನಡ ಅಕ್ಷರ: ಯಂತ್ರ ಕಸೂತಿಯ ಒಂದು ಪಾಠ



ಆಟಿ ತಿಂಗಳ ಮಳೆಯಲ್ಲಿ ಬೋರ್ಡೋ ಸಿಂಪಡಣೆಗೂ ಬಿಸಿಲು ಕಾಯಬೇಕಾಗುತ್ತದೆ. ಇಂಥ ದಿನಗಳಲ್ಲಿ ಮನೆಯ ಹೊಲಿಗೆ ಯಂತ್ರವೇ ಕೈಖರ್ಚಿಗೆ ಆಸರೆಯಾಗುವುದುಂಟು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥ ಕಡೆ ಹೊಲಿಗೆ ಕಲಿತವರೂ ನಮ್ಮಲ್ಲಿದ್ದಾರೆ. ಅಂಥವರನ್ನು ಊರಿನ ತಂಡದವರು, 'ಟೀ ಶರ್ಟಿನ ಮೇಲೆ ಹೆಸರು ಹಾಕಿಕೊಡುವಿರಾ?' ಎಂದು ಕೇಳುತ್ತಾರೆ. ಒಪ್ಪಿಕೊಳ್ಳುವ ಮೊದಲು ಈ ಪಾಠವನ್ನು ಓದಬೇಕೆಂದು ಕೋರುತ್ತೇವೆ.

ನಾವೇ ಒಮ್ಮೆ ಕಬಡ್ಡಿ ತಂಡವೊಂದರ 12 ಅಂಗಿಗಳ ಮೇಲೆ 'ಸುಬ್ರಹ್ಮಣ್ಯ' ಎಂದು ಕಸೂತಿ ಹಾಕಿದೆವು. ಯಂತ್ರದಿಂದ ಇಳಿಸುವಾಗ ಚೆನ್ನಾಗಿಯೇ ಇತ್ತು. ಮೊದಲ ಒಗೆತಕ್ಕೇ ಅಕ್ಷರಗಳ ಸುತ್ತ ಬಟ್ಟೆ ಸುಕ್ಕುಗಟ್ಟಿತು, ಒತ್ತಕ್ಷರಗಳು ನೂಲಿನ ಗಂಟಿನಂತಾದವು. ಹನ್ನೆರಡು ಅಂಗಿಗಳನ್ನೂ ಕೈಯಿಂದ ಹಣ ಹಾಕಿ ಕೊಡಬೇಕಾಯಿತು. ತಪ್ಪು ಎಲ್ಲಿ ಎಂಬುದನ್ನು ಆ ಬಳಿಕ ತಿಳಿದುಕೊಂಡೆವು.

ಕಾರಣವೇನು? ಸೀರೆ, ಪಂಚೆಗಳಲ್ಲಿ ಹಾಸು ಹೊಕ್ಕು ಎಳೆಗಳಿವೆ. ಅವು ಸುಲಭದಲ್ಲಿ ಕದಲುವುದಿಲ್ಲ. ಧಾರವಾಡದ ಕಸೂತಿಯನ್ನು ಆ ಎಳೆಗಳನ್ನೇ ಎಣಿಸಿ ಹಾಕುತ್ತಾರೆ. ಬನಿಯನ್ ಬಟ್ಟೆಯಾದರೋ ನೇಯ್ದದ್ದಲ್ಲ, ಹೆಣೆದದ್ದು. ಅದು ಕುಣಿಕೆಗಳ ಸಾಲು. ಎಳೆದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಮರಳುತ್ತದೆ. ಕಸೂತಿಯ ನೂಲು ಮಾತ್ರ ಹಿಗ್ಗುವುದಿಲ್ಲ. ಎಳೆದು ಹಿಡಿದ ಬಟ್ಟೆಯ ಮೇಲೆ ಹೊಲಿದರೆ ಬಟ್ಟೆ ಹಿಂದಕ್ಕೆ ಸರಿಯುತ್ತದೆ, ನೂಲು ಸರಿಯುವುದಿಲ್ಲ. ಅದೇ ಸುಕ್ಕು. ಆದುದರಿಂದ ಹೊಲಿಯುವಾಗ ಬಟ್ಟೆ ಹಿಗ್ಗದಂತೆ ನೋಡಿಕೊಳ್ಳುವುದೇ ಈ ಕೆಲಸದ ಮೂಲಸೂತ್ರ.

1. ಆಧಾರ: ಹಿಂಬದಿಗೆ ಬ್ಯಾಕಿಂಗ್ ಇಡಲೇಬೇಕು. ಹರಿದು ತೆಗೆಯುವ ಕಾಗದದಂಥದ್ದು ಇಲ್ಲಿ ಸಾಲದು. ಕತ್ತರಿಸುವ ಜಾತಿಯದೇ ಬೇಕು. ಕೆಲಸ ಮುಗಿದ ಮೇಲೆ ಅಕ್ಷರದ ಸುತ್ತ ಸುಮಾರು 1 ಸೆಂ.ಮೀ. ಬಿಟ್ಟು ಉಳಿದದ್ದನ್ನು ಕತ್ತರಿಸಬೇಕು. ಕಾಳುಮೆಣಸಿನ ಬಳ್ಳಿ ಏರಿತೆಂದು ಅಡಿಕೆ ಮರವನ್ನು ಯಾರೂ ಕಡಿಯುವುದಿಲ್ಲವಷ್ಟೆ. ಇದೂ ಹಾಗೆಯೇ.

2. ರಿಂಗ್: ಬ್ಯಾಕಿಂಗನ್ನು ಮಾತ್ರ ರಿಂಗಿಗೆ ಬಿಗಿಯಾಗಿ ಹಾಕಿ, ಅದರ ಮೇಲೆ ಅಂಗಿಯನ್ನು ಎಳೆಯದೆ ಹರಡಿ, ಸುತ್ತಲೂ ಕಚ್ಚಾ ಹೊಲಿಗೆ ಹಾಕುವುದು ಉತ್ತಮ. ಹೊಸ ಹತ್ತಿ ಅಂಗಿ ಒಗೆದಾಗ ಕುಗ್ಗುವುದುಂಟು. ಮೊದಲೇ ಒಗೆದು ಒಣಗಿಸಿಕೊಳ್ಳತಕ್ಕದ್ದು.

3. ಸೂಜಿ, ನೂಲು: ಚೂಪು ಸೂಜಿ ಕುಣಿಕೆಯನ್ನೇ ಕತ್ತರಿಸುತ್ತದೆ, ಅಲ್ಲಿ ತೂತು ಬೀಳುತ್ತದೆ. ದುಂಡು ತುದಿಯ ಬಾಲ್ ಪಾಯಿಂಟ್ ಸೂಜಿ, 75/11 ಅಳತೆಯದು, ಕುಣಿಕೆಗಳನ್ನು ಸರಿಸಿಕೊಂಡು ಇಳಿಯುತ್ತದೆ. ಆಟಗಾರರ ಅಂಗಿಗೆ ರೇಯಾನ್‌ಗಿಂತ ಪಾಲಿಯೆಸ್ಟರ್ ನೂಲು ಬಾಳಿಕೆಯದು.

4. ಅಕ್ಷರ: ಕನ್ನಡಕ್ಕೆ ಇಲ್ಲಿ ವಿಶೇಷ ಎಚ್ಚರ ಬೇಕು. 'ಸುಬ್ರಹ್ಮಣ್ಯ' ಎಂಬ ನಾಲ್ಕು ಅಕ್ಷರಗಳಲ್ಲಿ ಮೂರಕ್ಕೆ ಒತ್ತುಗಳಿವೆ. ಒತ್ತು ಮೂಲ ಅಕ್ಷರಕ್ಕಿಂತ ಚಿಕ್ಕದು. ಅದರೊಳಗಿನ ಖಾಲಿ ಜಾಗ ನೂಲಿನಿಂದ ಮುಚ್ಚಿಹೋದರೆ ಓದಲಾಗದು. ಮೂಲ ಅಕ್ಷರ 2 ಸೆಂ.ಮೀ.ಗಿಂತ ಎತ್ತರವಿರಲಿ, ಅಂಚುಗಳಲ್ಲಿ ಅಲಂಕಾರವಿಲ್ಲದ ಸರಳ ಲಿಪಿಯಿರಲಿ. ಹೆಸರನ್ನು ಮಧ್ಯದಿಂದ ಆರಂಭಿಸಿ ಎರಡೂ ಬದಿಗೆ ಹೊಲಿದರೆ ಬಟ್ಟೆ ಒಂದೇ ಕಡೆಗೆ ತಳ್ಳಲ್ಪಡುವುದಿಲ್ಲ. ಮೊದಲು ತೆಳುವಾದ ಅಡಿಹೊಲಿಗೆ, ಅದರ ಮೇಲೆ ತುಂಬು ಹೊಲಿಗೆ. ಕಂಪ್ಯೂಟರ್ ಯಂತ್ರವಿದ್ದರೆ 40ರ ನೂಲಿಗೆ ಸಾಲುಗಳ ಅಂತರ 0.4 ಮಿ.ಮೀ.ನಿಂದ ಆರಂಭಿಸಿ ನೋಡಬಹುದು. ದಟ್ಟ ಮಾಡಿದಷ್ಟು ಚಂದವೆಂಬುದು ತಪ್ಪು ತಿಳಿವಳಿಕೆ, ಬಟ್ಟೆ ಹಲಗೆಯಂತಾಗುತ್ತದೆ.

5. ಪರೀಕ್ಷೆ: ಅದೇ ಬಟ್ಟೆಯ ತುಂಡಿನ ಮೇಲೆ ಒಮ್ಮೆ ಹೊಲಿದು, ಒಗೆದು, ಒಣಗಿಸಿ, ಕೈಯಿಂದ ಎಳೆದು ನೋಡಿರಿ. ಕಬಡ್ಡಿಯಲ್ಲಿ ಅಂಗಿಯನ್ನು ಎದುರಾಳಿ ಹಿಡಿದೆಳೆಯುವುದುಂಟು ಎಂಬುದು ನೆನಪಿರಲಿ.

ನಮ್ಮ ಊರಿಗೆ ಸಂಬಂಧಿಸಿದ ಎರಡು ಮಾತು. ಮಳೆಗಾಲದ ತೇವಕ್ಕೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟು, ಬಳಸುವ ಮುನ್ನ ಒರೆಸಿರಿ. ಅಡಿಕೆ ಸುಲಿದ ಕೈಯಲ್ಲಿ ಬಿಳಿ ಅಂಗಿಯನ್ನು ಮುಟ್ಟಲೇಬೇಡಿರಿ. ಚೊಗರಿನ ಕಲೆ ಹೋಗುವುದು ಕಷ್ಟ.

ಚಂಪಾಷಷ್ಠಿಯ ಜಾತ್ರೆಯ ಹೊತ್ತಿಗೆ ಇಂಥ ಅಂಗಿಗಳಿಗೆ ಕೇಳಿಕೆ ಬಂದರೆ, ಮಾದರಿಯ ತುಂಡನ್ನು ತೋರಿಸಿ, ಬ್ಯಾಕಿಂಗ್ ಮತ್ತು ನೂಲಿನ ಖರ್ಚನ್ನು ಲೆಕ್ಕಕ್ಕೆ ಹಿಡಿದು ದರ ಹೇಳಿರಿ. ಒಂದು ಅಂಗಿ ಒಗೆದು ನೋಡುವಷ್ಟು ತಾಳ್ಮೆಯಿದ್ದರೆ ಹನ್ನೆರಡು ಅಂಗಿಗಳ ನಷ್ಟ ತಪ್ಪುತ್ತದೆ. ನಮಗೆ ಆ ತಾಳ್ಮೆ ಇರಲಿಲ್ಲ, ನಿಮಗಿರಲಿ.